ಬಾವಂಚಿ ಎಣ್ಣೆ ಹಚ್ಚಿ ಕೈ ಸುಟ್ಟಿತು. ಸಂಶೋಧನೆಯಲ್ಲಿ ಒಳ್ಳೆಯದು ಅಂತಾರಲ್ಲ, ಹೇಗೆ?

ನೀರುದೋಸೆ · ಭಾನುವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೈಯಬೇಡಿ.

ನನ್ನ ಅಕ್ಕನ ಮಗಳಿಗೆ 23 ವರ್ಷ. ಮಂಗಳೂರಿನಲ್ಲಿ ಕೆಲಸ, ಉಡುಪಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಎಡ ಮೊಣಕೈ ಹತ್ತಿರ ನಾಲ್ಕಾಣೆ ಅಗಲದ ಬಿಳಿ ಕಲೆ ಬಂತು. ಈಗ ಅದರ ಪಕ್ಕದಲ್ಲಿ ಇನ್ನೊಂದು, ಕುತ್ತಿಗೆ ಹಿಂದೆ ಒಂದು. ಮನೆಯಲ್ಲಿ ಯಾರೂ ತೊನ್ನು ಎಂಬ ಶಬ್ದ ಎತ್ತುವುದಿಲ್ಲ. "ಅದು" ಅಂತಷ್ಟೇ ಹೇಳುತ್ತಾರೆ. ಸಂಬಂಧದ ಮಾತುಕತೆ ಬೇರೆ ನಡೆಯುತ್ತಾ ಉಂಟು.

ಅವಳ ಸೋದರತ್ತೆ ಬಾವಂಚಿ ಎಣ್ಣೆ ತಂದುಕೊಟ್ಟರು. ಬಾಟಲಿಗೆ ಲೇಬಲ್ ಇಲ್ಲ. ಹಚ್ಚಿ ಬೆಳಿಗ್ಗೆ ಹತ್ತು ನಿಮಿಷ ಬಿಸಿಲಿಗೆ ನಿಲ್ಲಬೇಕಂತೆ. ಮೊದಲ ದಿನ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂತ ಎರಡನೇ ದಿನ ಜಾಸ್ತಿ ಹಚ್ಚಿದಳು. ಮೂರನೇ ದಿನ ರಾತ್ರಿ ಉರಿ ಶುರು. ಬೆಳಿಗ್ಗೆ ನೋಡಿದರೆ ದ್ರಾಕ್ಷಿಯಷ್ಟು ದೊಡ್ಡ ನೀರುಗುಳ್ಳೆಗಳು. ಅತ್ತೆ ಹೇಳುವುದು, "ಒಳಗಿನ ವಿಷ ಹೊರಗೆ ಬರ್ತಾ ಉಂಟು, ನಿಲ್ಲಿಸಬೇಡ."

ನಾನು ಹುಡುಕಿ ನೋಡಿದೆ. ಬಾವಂಚಿ ಬೀಜದಲ್ಲಿ ಸೋರಾಲೆನ್ ಅಂತ ಒಂದು ಅಂಶ ಉಂಟಂತೆ, ತೊನ್ನಿಗೆ ಆಸ್ಪತ್ರೆಯವರೇ ಕೊಡುತ್ತಿದ್ದರಂತೆ. ಹಾಗಾದರೆ ಇದು ಸುಟ್ಟದ್ದು ಯಾಕೆ? ಎಣ್ಣೆ ನಕಲಿಯಾ?

ಗೋಳಿಬಜೆ
ಮೊದಲು ಎಣ್ಣೆ ನಿಲ್ಲಿಸಿ. ಆಮೇಲೆ ಚರ್ಚೆ.

ಹಳೇ ಕಂಪೌಂಡರ್
ನಕಲಿ ಅಲ್ಲ ಮಾರಾಯ್ರೆ, ಅಸಲಿ. ಅಸಲಿ ಆದದ್ದಕ್ಕೇ ಸುಟ್ಟದ್ದು.

ಸೋರಾಲೆನ್ ಕತ್ತಲೆಯಲ್ಲಿ ಹೆಚ್ಚುಕಮ್ಮಿ ಎಂತದೂ ಮಾಡುವುದಿಲ್ಲ. ಚರ್ಮದ ಕೋಶದೊಳಗೆ ಹೋಗಿ ಡಿಎನ್‌ಎ ಎಳೆಗಳ ನಡುವೆ ಸುಮ್ನೆ ಕೂತಿರುತ್ತದೆ. ಬಿಸಿಲಿನಲ್ಲಿರುವ ಯುವಿಎ ಕಿರಣ, ಅಂದರೆ 320ರಿಂದ 400 ನ್ಯಾನೋಮೀಟರ್ ಅಲೆಯದ್ದು, ತಾಗಿದಾಗ ಅದಕ್ಕೆ ಜೀವ ಬರುತ್ತದೆ. ಎರಡೂ ಎಳೆಗಳನ್ನು ಹೊಲಿಗೆ ಹಾಕಿದ ಹಾಗೆ ಕಟ್ಟಿಬಿಡುತ್ತದೆ. ಅಳತೆ ಸರಿ ಇದ್ದರೆ ತೊನ್ನಿನಲ್ಲಿ ನಮ್ಮದೇ ಬಣ್ಣದ ಕೋಶಗಳ ಮೇಲೆ ತಿರುಗಿ ಬಿದ್ದ ರೋಗನಿರೋಧಕ ಕೋಶಗಳು ತಣ್ಣಗಾಗುತ್ತವೆ, ಕೂದಲ ಬುಡದಲ್ಲಿ ಉಳಿದ ಬಣ್ಣದ ಕೋಶಗಳು ಎದ್ದು ಮೇಲೆ ಬರುತ್ತವೆ. ಅಳತೆ ತಪ್ಪಿದರೆ ನಿಮ್ಮ ಹುಡುಗಿಗೆ ಆದದ್ದು.

ಇನ್ನೊಂದು ವಿಷಯ. ಬರೀ ಬಿಸಿಲಿಗೆ ಸುಟ್ಟರೆ ಒಂದು ದಿನದೊಳಗೆ ಗೊತ್ತಾಗುತ್ತದೆ. ಸೋರಾಲೆನ್ ಸುಟ್ಟದ್ದು ಜೋರಾಗುವುದು ಎರಡು ಮೂರು ದಿನ ಕಳೆದ ಮೇಲೆ. ಮೊದಲ ದಿನ ಏನೂ ಆಗಲಿಲ್ಲ ಅಂತ ಎರಡನೇ ದಿನ ಜಾಸ್ತಿ ಹಚ್ಚಿದಳಲ್ಲ, ಅಲ್ಲೇ ತಪ್ಪಿದ್ದು. ಮೊದಲ ದಿನದ್ದು ಆಗಲೇ ಒಳಗೆ ಬೇಯುತ್ತಾ ಇತ್ತು.

ನೀರುದೋಸೆ
ಅಯ್ಯೋ ದೇವರೇ. ಆದರೆ ಸರ್, ನಿಂತದ್ದು ಹತ್ತೇ ನಿಮಿಷ. ಅದೂ ಬೆಳಿಗ್ಗೆ ಏಳು ಗಂಟೆಯ ಎಳೆ ಬಿಸಿಲು.

ಸರ್ವಿಸ್ ಬಸ್
ಬಸ್ಸಿನಲ್ಲಿ ಯಾವ ಬದಿ ಕೂರುತ್ತಾಳೆ?

ನೀರುದೋಸೆ
ಕಿಟಕಿ ಬದಿ. ಎಡಗಡೆ. ಯಾಕೆ?

ಸರ್ವಿಸ್ ಬಸ್
ಇಪ್ಪತ್ತು ವರ್ಷದಿಂದ ಅದೇ ರೂಟಿನಲ್ಲಿ ಓಡಾಡುವವನು ಹೇಳುತ್ತಿದ್ದೇನೆ, ಕೇಳಿ. ಬೆಳಿಗ್ಗೆ ಉಡುಪಿಯಿಂದ ಮಂಗಳೂರಿಗೆ ದಕ್ಷಿಣಕ್ಕೆ ಹೋಗುವಾಗ ಪೂರ್ವ ಎಡಕ್ಕೆ. ಸಂಜೆ ವಾಪಸ್ ಬರುವಾಗ ಪಶ್ಚಿಮವೂ ಎಡಕ್ಕೇ. ಎಡಬದಿ ಕಿಟಕಿಯವರಿಗೆ ಎರಡು ಹೊತ್ತೂ ಬಿಸಿಲು. ನಾವು ಹಳಬರು ಬಲಗಡೆ ಸೀಟಿಗೆ ಕರ್ಚೀಫ್ ಹಾಕುವುದು ಸುಮ್ನೆ ಅಲ್ಲ.

ಹಳೇ ಕಂಪೌಂಡರ್
ಭಲೇ! ಇದು ನನಗೆ ಹೊಳೆದಿರಲಿಲ್ಲ. ಗಾಜು ಹಾಕಿದರೂ ಪ್ರಯೋಜನ ಇಲ್ಲ. ಕಿಟಕಿ ಗಾಜು ಬಿಸಿಲಿನ ಇನ್ನೊಂದು ಕಿರಣ ಯುವಿಬಿಯನ್ನು ಹೆಚ್ಚಾಗಿ ತಡೆಯುತ್ತದೆ, ಯುವಿಎ ಬಹುಪಾಲು ಒಳಗೆ ಬರುತ್ತದೆ. ಸೋರಾಲೆನ್‌ಗೆ ಬೇಕಾದ್ದು ಅದೇ. ಎಣ್ಣೆ ತೊಳೆಯದೆ ಬಸ್ಸು ಹತ್ತಿದ್ದರೆ ಹತ್ತು ನಿಮಿಷದ ಲೆಕ್ಕ ಅಲ್ಲ ಅದು, ಒಂದೂವರೆ ಗಂಟೆಯದ್ದು.

ನೀರುದೋಸೆ
ಈಗ ಕೇಳಿದೆ. ತೊಳೆದಿಲ್ಲ. ತೊಳೆದರೆ ಗುಣ ಹೋಗುತ್ತದೆ ಅಂತ ಅತ್ತೆ ಹೇಳಿದ್ದರಂತೆ.

ಮೂಲಿಕೆ ಡಾಕ್ಟ್ರು
ನಾನು ಆಯುರ್ವೇದ ಓದಿದವಳು, ಹದಿನಾಲ್ಕು ವರ್ಷದ ಪ್ರಾಕ್ಟೀಸ್. ಇಲ್ಲಿ ಬಾವಂಚಿಯನ್ನೇ ವಿಲನ್ ಮಾಡುವ ಮೊದಲು ಎರಡು ಮಾತು.

ನಮ್ಮ ಗ್ರಂಥಗಳಲ್ಲಿ ಇದಕ್ಕೆ ಬಾಕುಚಿ ಅಂತ ಹೆಸರು. ಶ್ವಿತ್ರಕ್ಕೆ, ಅಂದರೆ ತೊನ್ನಿಗೆ, ಬಿಸಿಲು ಕಾಯಿಸುವ ಕ್ರಮ ಚರಕದಲ್ಲೇ ಇದೆ. ಗುಳ್ಳೆ ಏಳುತ್ತದೆ, ಅದನ್ನು ಮುಳ್ಳಿನಿಂದ ಚುಚ್ಚಿ ನೀರು ತೆಗೆಯಬೇಕು ಅಂತಲೂ ಇದೆ. ಅತ್ತೆಯವರ ಮಾತು ಎಲ್ಲಿಂದಲೋ ಉದುರಿದ್ದಲ್ಲ. ಆದರೆ ಅದೇ ಪುಸ್ತಕದಲ್ಲಿ ಮೊದಲು ಹೊಟ್ಟೆ ಶುದ್ಧಿ, ಪಥ್ಯ, ರೋಗಿಯ ಬಲ ನೋಡುವುದು, ಎಲ್ಲ ಇದೆ. ಬೀಜವನ್ನು ಶುದ್ಧಿ ಮಾಡದೆ ನಾವು ಬಳಸುವುದಿಲ್ಲ. ಲೇಬಲ್ ಇಲ್ಲದ ಬಾಟಲಿ ಆಯುರ್ವೇದ ಅಲ್ಲ.

ಹಳೇ ಕಂಪೌಂಡರ್
ಡಾಕ್ಟ್ರೇ, ಗುಳ್ಳೆ ಏಳುತ್ತದೆ ಅಂತ ಅವರು ಬರೆದದ್ದು ಕಣ್ಣಾರೆ ನೋಡಿಯೇ. ಗೌರವ ಇದೆ. ಆದರೆ ಗುಳ್ಳೆ ಎದ್ದದ್ದು ಔಷಧ ಹಿಡಿದ ಲಕ್ಷಣ ಅಲ್ಲ, ಅಳತೆ ಮೀರಿದ ಲಕ್ಷಣ. ಮುಳ್ಳಿನಿಂದ ಚುಚ್ಚುವ ಕೆಲಸ ನಮ್ಮ ಈ ಸೆಕೆಯಲ್ಲಿ ಮಾಡಿದರೆ ಕೀವು ಗ್ಯಾರಂಟಿ.

ಮೂಲಿಕೆ ಡಾಕ್ಟ್ರು
ಚುಚ್ಚಿ ಅಂತ ನಾನೆಲ್ಲಿ ಹೇಳಿದೆ? ಗ್ರಂಥದಲ್ಲಿ ಇದೆ ಅಂತ ಹೇಳಿದೆ. ನಾನೂ ಚುಚ್ಚುವುದಿಲ್ಲ. ನಿಮ್ಮ ಆಸ್ಪತ್ರೆಯವರೂ ಇದೇ ಬೀಜದ ಅಂಶ, ಇದೇ ಕಿರಣ ಬಳಸಿ ಪುವಾ ಅಂತ ಹೆಸರಿಟ್ಟರಲ್ಲ. ಅಲ್ಲಿಯೂ ಗುಳ್ಳೆ ಬಂದವರು ಇದ್ದಾರೆ.

ಹಳೇ ಕಂಪೌಂಡರ್
ಇದ್ದಾರೆ. ಒಪ್ಪಿದೆ. ಆದರೆ ಅಲ್ಲಿ ಯಂತ್ರಕ್ಕೆ ಮೀಟರ್ ಇರುತ್ತದೆ. ಕಡಿಮೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಸೂರ್ಯನಿಗೆ ಮೀಟರ್ ಇಲ್ಲ, ಮನೆ ಎಣ್ಣೆಯಲ್ಲಿ ಸೋರಾಲೆನ್ ಎಷ್ಟು ಅಂತ ಹೇಳುವವರೂ ಇಲ್ಲ.

ಬೂತಾಯಿ ಫ್ರೈ
ಹುಡುಗಿ ಮೀನು ತಿಂದು ಹಾಲು ಕುಡಿದಳಾ ಕೇಳಿ. ನಮ್ಮ ಅಜ್ಜಿ ಮೀನಿನ ದಿನ ಮೊಸರು ಸಹ ಮುಟ್ಟಲು ಬಿಡುತ್ತಿರಲಿಲ್ಲ. ತೊನ್ನು ಬರುವುದೇ ಅದರಿಂದ.

ರಥಬೀದಿ ರಾಯ
ಹಾಗಾದರೆ ನಮ್ಮ ರಥಬೀದಿಯಲ್ಲಿ ಒಬ್ಬರಿಗೂ ಬರಬಾರದಿತ್ತು. ಏಳು ತಲೆಮಾರಿನಿಂದ ಮೀನಿನ ವಾಸನೆ ಸಹ ನೋಡದ ನನ್ನ ದೊಡ್ಡಪ್ಪನಿಗೆ ಎರಡೂ ಕೈಗೆ ಇತ್ತು.

ಬೂತಾಯಿ ಫ್ರೈ
😄 ಸೋತೆ ರಾಯರೇ.

ಮಣಿಪಾಲ ಮಳೆ
ಫಾರ್ಮಸಿ ಓದುತ್ತಿದ್ದೇನೆ, ಈ ಸೆಮಿಸ್ಟರ್‌ನಲ್ಲಿ ಇದೇ ಪಾಠ. ಹಾಗಾಗಿ ಸ್ವಲ್ಪ ಕೊರೆಯುತ್ತೇನೆ.

ಬಾವಂಚಿ ಬೀಜವನ್ನು ರಸಾಯನಶಾಸ್ತ್ರದವರು ಬಿಡಿಸಿ ನೋಡಿದ ಹಳೆಯ ಕೆಲಸಗಳಲ್ಲಿ ಒಂದು 1933ರದ್ದು. ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಮೂವರದ್ದು. ಸೋರಾಲೆನ್, ಐಸೋಸೋರಾಲೆನ್ ಎರಡೂ ಆ ಬೀಜದಲ್ಲಿ ಸಿಕ್ಕವು. ಹೆಸರು ಕೇಳಿದರೆ ನಮ್ಮವರೇ ಅನಿಸುತ್ತದೆ, ಅಲ್ವಾ? ಪಾಠದಲ್ಲಿ ಮಾತ್ರ ಇದು ಒಂದು ಸಾಲು.

ಆಸ್ಪತ್ರೆ ಮದ್ದಿನ ದಾರಿ ಬೇರೆ. ಅದು ಬಂದದ್ದು ಈಜಿಪ್ಟಿನಿಂದ. ನೈಲ್ ನದಿ ಬದಿಯಲ್ಲಿ ಅಮ್ಮಿ ಮೇಜಸ್ ಅಂತ ಒಂದು ಗಿಡ, ಕೊತ್ತಂಬರಿ ಜಾತಿಯದ್ದು. ಅದರ ಬೀಜ ತಿಂದು ಬಿಸಿಲಿಗೆ ಕೂರುವ ಪದ್ಧತಿ ಅಲ್ಲಿ ಶತಮಾನಗಳಿಂದ ಇತ್ತು. 1947ರಲ್ಲಿ ಫಾಹ್ಮಿ ಮತ್ತು ಅವರ ಜೊತೆಯವರು ಅದರಿಂದ ಹರಳು ತೆಗೆದರು. ಎಲ್ ಮೊಫ್ಟಿ ಎಂಬ ಚರ್ಮವೈದ್ಯರು ಅದನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ನೋಡಿದರು. 1974ರಲ್ಲಿ ಅಮೆರಿಕದಲ್ಲಿ ಪ್ಯಾರಿಶ್, ಫಿಟ್ಜ್‌ಪ್ಯಾಟ್ರಿಕ್, ಪಾಠಕ್ ಇವರೆಲ್ಲ ಸೇರಿ ಸೋರಾಲೆನ್ ಮಾತ್ರೆ ಮತ್ತು ಯುವಿಎ ಯಂತ್ರ ಜೋಡಿಸಿ ಸೋರಿಯಾಸಿಸ್ ಎಂಬ ಇನ್ನೊಂದು ಚರ್ಮರೋಗಕ್ಕೆ ಬಳಸಿದರು. ಪುವಾ ಹೆಸರು ಆಗಿನದ್ದು. ದೂರ ದೂರದ ಎರಡು ಊರು, ಎರಡು ಬೇರೆ ಗಿಡ, ಒಳಗಿನ ಸಾಮಾನು ಒಂದೇ ಜಾತಿಯದ್ದು. ನನಗೆ ಇದು ಬಹಳ ಇಷ್ಟ.

ಗೋಳಿಬಜೆ
ಪರೀಕ್ಷೆಗೆ ಆಲ್ ದ ಬೆಸ್ಟ್ ತಮ್ಮ.

ಮಣಿಪಾಲ ಮಳೆ
ತಂಗಿ.

ಗೋಳಿಬಜೆ
ಸಾರಿ ತಂಗಿ.

ಕೊಟ್ಟೆಕಡುಬು
ಲಿಂಬೆಯಲ್ಲಿಯೂ ಇದು ಉಂಟಾ? ಕಳೆದ ಎಪ್ರಿಲ್‌ನಲ್ಲಿ ಮದುವೆ ಮನೆಗೆ ಇನ್ನೂರು ಲಿಂಬೆ ಹಿಂಡಿ, ಹಾಗೆಯೇ ಅಂಗಳದಲ್ಲಿ ಕೆಲಸ ಮಾಡಿದೆ. ಮೂರು ದಿನ ಬಿಟ್ಟು ಕೈಮೇಲೆ ರಸ ಹರಿದ ಹಾಗೇ ಗೀರು ಗೀರು ಕಪ್ಪು. ನಮ್ಮ ಮನೆಯವರು "ಯಾರಿಗೆ ಹೊಡೆಯಲು ಹೋಗಿದ್ದೆ" ಅಂತ ಕೇಳಿದರು.

ಮಣಿಪಾಲ ಮಳೆ
ಹೌದು ಅಕ್ಕ, ಅದೇ ಕುಟುಂಬದ ಅಂಶ ಲಿಂಬೆ ಸಿಪ್ಪೆಯಲ್ಲಿದೆ. ಅಂಜೂರದ ಹಾಲಿನಲ್ಲೂ ಇದೆ. ಲಿಂಬೆ ಹಿಂಡಿದ ಮೇಲೆ ಸೋಪು ಹಾಕಿ ಕೈ ತೊಳೆದು ಬಿಸಿಲಿಗೆ ಹೋಗಿ.

ಗೇರುಬೀಜ
ಗೇರು ಎಣ್ಣೆ ತಾಗಿದರೂ ಹೀಗೇ ಸುಡುತ್ತದಲ್ಲ. ನನ್ನ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುತ್ತಿದ್ದರು. ಕೈಗೆ ಬೂದಿ ಹಚ್ಚಿಕೊಂಡು ಕೂರುತ್ತಿದ್ದರು. ಆದರೂ ಬೆರಳ ತುದಿ ಸುಲಿದು ರೇಖೆಯೇ ಇರಲಿಲ್ಲ. ಆಧಾರ್ ಮಾಡಿಸಲು ಹೋದಾಗ ಮೂರು ಸಲ ವಾಪಸ್ ಕಳಿಸಿದರು.

ಹಳೇ ಕಂಪೌಂಡರ್
ಅದು ಬೇರೆ ಜಾತಿ. ಗೇರು ಎಣ್ಣೆಗೆ ಬಿಸಿಲು ಬೇಡ, ಕತ್ತಲೆಯಲ್ಲಿಯೂ ಸುಡುತ್ತದೆ. ಕಾಡಿನ ಚೇರೆ ಮರದ್ದೂ ಹಾಗೆಯೇ. ಅಮ್ಮನಿಗೆ ನಮಸ್ಕಾರ ಹೇಳಿ.

ಅಡಿಕೆ ತೋಟ
ಚೇರೆ ತಾಗಿದರೆ ತಾರೆ ಮರಕ್ಕೆ ಸುತ್ತು ಬರಬೇಕು ಅಂತ ನಮ್ಮ ಅಜ್ಜ. ಮೂರು ಸುತ್ತು ಬಂದು, "ಚೇರೆ ಮಾಡಿದ್ದನ್ನು ತಾರೆ ತೆಗೆಯಲಿ" ಅಂತ ಹೇಳಬೇಕು. ನಾನು ಬಂದಿದ್ದೇನೆ. ಮುಖ ಊದಿದ್ದು ಎಂಟು ದಿನ ಇಳಿಯಲಿಲ್ಲ. ತಪ್ಪು ಮರಕ್ಕೆ ಸುತ್ತು ಬಂದೆ ಅಂತ ಅಜ್ಜ ನನಗೇ ಬೈದರು.

ಮುಂಬಯಿ ತುಳುವ
ಎಲ್ಲ ಸರಿ, ಅಸಲು ಕಾರಣ ಯಾರೂ ಹೇಳುತ್ತಿಲ್ಲ. ಚರ್ಮದ ವಿಷಯ ಬಂದರೆ ನಾಗನ ವಿಷಯ ನೋಡಬೇಕು. ಕುಟುಂಬದ ನಾಗಬನ ಎಲ್ಲಿ ಉಂಟು, ಅಲ್ಲಿ ತಂಬಿಲದ ಪೂಜೆ ಆಗುತ್ತಾ? ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ, ಮೃತ್ತಿಕೆ ಪ್ರಸಾದ ತನ್ನಿ.

ಗೋಳಿಬಜೆ
ಬಂತು ನೋಡಿ. ಮೂರು ಪುಟ ಆದರೂ ನಾಗ ಬರಲಿಲ್ಲವಲ್ಲ ಅಂತ ನಾನು ಕಾಯುತ್ತಿದ್ದೆ.

ಮುಂಬಯಿ ತುಳುವ
ನಗಬೇಡಿ. ನಂಬುವವರಿಗೆ ಉಂಟು.

ಚುಕ್ಕಿ
ನಾನು ಮಾತಾಡಬಹುದಾ? ನನಗೆ ತೊನ್ನು ಬಂದು 26 ವರ್ಷ ಆಯಿತು. ಎಂಟನೇ ಕ್ಲಾಸಿನಲ್ಲಿ ಹುಬ್ಬಿನ ಮೇಲೆ ಶುರು. ಈಗ ಮುಖ, ಎರಡೂ ಕೈ, ಪಾದ.

ಆಶ್ಲೇಷಾ ಬಲಿ ಎರಡು ಸಲ ಆಗಿದೆ ಅಣ್ಣ. ಕುಕ್ಕೆಯ ಮಣ್ಣು ಹಚ್ಚಿದ್ದೇನೆ, ಮನಸ್ಸಿಗೆ ತಂಪಾಯಿತು, ಸುಳ್ಳು ಹೇಳುವುದಿಲ್ಲ. ಕಲೆ ಅಲ್ಲಿಯೇ ಇತ್ತು. ಆದರೆ "ನಾಗದೋಷ" ಎಂಬ ಮಾತಿನಿಂದ ನಮ್ಮ ಮನೆಯಲ್ಲಿ ಆದದ್ದು ಬೇರೆ. ಯಾರ ಪಾಲಿನ ಜಾಗದಲ್ಲಿ ಹುತ್ತ ಕಡಿದರು ಅಂತ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳ. ಹನ್ನೊಂದು ವರ್ಷ ಮಾತಿಲ್ಲ. ಅದರ ನಡುವೆ ನಾನು.

ಬಾವಂಚಿ ಎಣ್ಣೆಯೂ ಆಗಿದೆ. ಗುಳ್ಳೆಯೂ ಆಗಿದೆ. ಗುಳ್ಳೆ ಒಣಗಿದ ಮೇಲೆ ಅದೇ ಆಕಾರದ ಹೊಸ ಬಿಳಿ ಕಲೆ ಬಂತು. ತೊನ್ನು ಇರುವವರಿಗೆ ಚರ್ಮ ಸುಟ್ಟರೆ, ತರಚಿದರೆ ಅಲ್ಲಿ ಹೊಸದಾಗಿ ಏಳಬಹುದು ಅಂತ ಆಮೇಲೆ ಡಾಕ್ಟರ್ ಹೇಳಿದರು. ಆದ್ದರಿಂದ ಅಕ್ಕ, ದಯವಿಟ್ಟು ಆ ಗುಳ್ಳೆಗಳನ್ನು ಒಡೆಯಬೇಡಿ. ನಾಳೆಯೇ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಆಮೇಲೆ ನಾನು ಪುವಾ ಮಾತ್ರೆ ತೆಗೆದುಕೊಂಡೆ. ನುಂಗಿ ಎರಡು ಗಂಟೆ ಕಾಯಬೇಕು, ಮತ್ತೆ ಯಂತ್ರದೊಳಗೆ ನಿಲ್ಲಬೇಕು. ಆ ದಿನವಿಡೀ ಕಪ್ಪು ಕನ್ನಡಕ, ಇಲ್ಲದಿದ್ದರೆ ಕಣ್ಣಿಗೆ ಪೆಟ್ಟು. ವಾಂತಿ ಬರುತ್ತಿತ್ತು. ಮುಖಕ್ಕೆ ಚೆನ್ನಾಗಿ ಬಣ್ಣ ಬಂತು. ಬೆರಳ ತುದಿಗೆ ಬರಲೇ ಇಲ್ಲ, ಅಲ್ಲಿ ಕೂದಲೇ ಇಲ್ಲವಲ್ಲ, ಬಣ್ಣದ ಕೋಶ ಎಲ್ಲಿಂದ ಬರಬೇಕು? ಹೆಚ್ಚು ವರ್ಷ ಪುವಾ ತೆಗೆದುಕೊಂಡರೆ ಚರ್ಮದ ಕ್ಯಾನ್ಸರ್ ಭಯ ಇದೆ. ಆದ್ದರಿಂದ ಈಗ ಹೆಚ್ಚಿನ ಕಡೆ ನ್ಯಾರೋಬ್ಯಾಂಡ್ ಯುವಿಬಿ ಕೊಡುತ್ತಾರೆ, 311 ನ್ಯಾನೋಮೀಟರ್. ಅದಕ್ಕೆ ಸೋರಾಲೆನ್ ಬೇಡವೇ ಬೇಡ. ನೀವೆಲ್ಲ ಬಾವಂಚಿ ಸರಿಯಾ ತಪ್ಪಾ ಅಂತ ಜಗಳ ಮಾಡುತ್ತಿದ್ದೀರಿ. ಬಾವಂಚಿ ದಾರಿ ತೋರಿಸಿತು, ಈಗ ರಸ್ತೆ ಬೇರೆ ಕಡೆ ಹೋಗಿದೆ.

ಮುಂಬಯಿ ತುಳುವ
ಬೇಜಾರು ಮಾಡಬೇಡ ತಂಗಿ. ಜಗಳದ ವಿಷಯ ನಾನು ಯೋಚಿಸಿರಲಿಲ್ಲ.

ರಥಬೀದಿ ರಾಯ
ಚುಕ್ಕಿಯವರ ಮಾತು ಓದಿ ದೊಡ್ಡಪ್ಪನ ನೆನಪಾಯಿತು. ಪಂಕ್ತಿಯಲ್ಲಿ ಅವರನ್ನು ಕೊನೆಗೆ ಕೂರಿಸುತ್ತಿದ್ದರು. ಬಿಳಿ ಕುಷ್ಠ ಅಂತ ಹೆಸರಿಟ್ಟು ಕುಷ್ಠವೇ ಅಂತ ತಿಳಿದವರು ಎಷ್ಟು ಜನ! ಕುಷ್ಠಕ್ಕೆ ರೋಗಾಣು ಉಂಟು, ಇದಕ್ಕೆ ರೋಗಾಣುವೂ ಇಲ್ಲ, ಅಂಟುವುದೂ ಇಲ್ಲ.

ಸರ್ವಿಸ್ ಬಸ್
ಒಂದು ಡೌಟು. ಅದು ತೊನ್ನೇ ಅಂತ ಯಾರು ನೋಡಿ ಹೇಳಿದ್ದು? ಮಳೆಗಾಲ ಮುಗಿಯುವಾಗ ನಮ್ಮ ಊರಲ್ಲಿ ಅರ್ಧ ಜನರ ಬೆನ್ನಲ್ಲಿ ಚಿಬ್ಬು ಇರುತ್ತದೆ.

ಮೂಲಿಕೆ ಡಾಕ್ಟ್ರು
ಇದು ಸರಿಯಾದ ಪ್ರಶ್ನೆ. ಚಿಬ್ಬು ಒಂದು ಬಗೆಯ ಬೂಷ್ಟು, ಬೆವರು ಜಾಸ್ತಿ ಇರುವ ಕಡೆ ಬರುತ್ತದೆ. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ತೊನ್ನಿನಲ್ಲಿ ಹೊಟ್ಟು ಇರುವುದಿಲ್ಲ, ಬಿಳಿಯೂ ಸುಣ್ಣದ ಹಾಗೆ ಅಚ್ಚ ಬಿಳಿ. ಬಿಂದಿಯ ಅಂಟು, ರಬ್ಬರ್ ಚಪ್ಪಲಿಯ ಪಟ್ಟಿ ತಾಗಿ ಬಿಳಿಯಾಗುವುದೂ ಉಂಟು. ಫೋಟೋ ನೋಡಿ ಹೇಳುವುದು ಬೇಡ, ಎದುರು ತೋರಿಸಿ.

ಅಡಿಕೆ ತೋಟ
ಬಾವಂಚಿ ಪುಡಿಯನ್ನು ಬೆಳಿಗ್ಗೆ ಬೆಚ್ಚಗಿನ ನೀರಲ್ಲಿ ಕುಡಿದರೆ ಆಗುವುದಿಲ್ಲವಾ? ಹಚ್ಚುವ ರಗಳೆಯೇ ಇಲ್ಲ.

ಮೂಲಿಕೆ ಡಾಕ್ಟ್ರು
ಬೇಡ ಬೇಡ. ತಾವೇ ತಾವಾಗಿ ಕುಡಿದು ಲಿವರ್ ಕೆಟ್ಟವರ ವರದಿಗಳು ಹಲವಾರು ಬಂದಿವೆ. ಗಿಡದ್ದು ಅಂದ ಮಾತ್ರಕ್ಕೆ ಸೌಮ್ಯ ಅಂತ ಇಲ್ಲ.

ಹಳೇ ಕಂಪೌಂಡರ್
ಇಷ್ಟು ಹೊತ್ತಿನಲ್ಲಿ ಡಾಕ್ಟ್ರು ಮತ್ತು ನಾನು ಒಪ್ಪಿದ್ದು ಇದೊಂದೇ.

ಅಡಿಕೆ ತೋಟ
ಆಯಿತಪ್ಪ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯವಾದರೂ ಕುಡಿಯಬಹುದಾ?

ಗೋಳಿಬಜೆ
ಮೊದಲು ಹಾಲೆ ಮರ ಯಾವುದು ಅಂತ ಗೊತ್ತಿರುವವರ ಕೈಯಿಂದ ತೊಗಟೆ ತರಿಸಿ. ನೀವು ವಿಷದ ಕಾಸರಕ ಮರದ ತೊಗಟೆ ಕೆತ್ತಿಕೊಂಡು ಬಂದರೆ ಕಷ್ಟ. ತಾರೆ ಮರದ ಕಥೆ ಈಗಷ್ಟೇ ಕೇಳಿದೆವು.

ಕೊಟ್ಟೆಕಡುಬು
ನನ್ನ ಮಗಳು ಬಾಕುಚಿಯೋಲ್ ಅಂತ ಒಂದು ಸೀರಮ್ ಮುಖಕ್ಕೆ ಹಚ್ಚುತ್ತಾಳೆ. ಬೆಲೆ ಕೇಳಿದರೆ ಒಂದು ವಾರದ ಮೀನಿನ ದುಡ್ಡು. ಅದು ಇದೇನಾ? ಅವಳು ಬಿಸಿಲಿಗೆ ಹೋದರೆ ಸುಡುತ್ತದಾ?

ಮಣಿಪಾಲ ಮಳೆ
ಬೀಜ ಅದೇ, ಅಂಶ ಬೇರೆ ಅಕ್ಕ. ಬಾಕುಚಿಯೋಲ್‌ನ ರಚನೆ 1966ರಲ್ಲಿ ಬರೆದವರು ಸುಖ್ ದೇವ್ ಮತ್ತು ಅವರ ಜೊತೆಯವರು, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ. ಇದು ಸೋರಾಲೆನ್ ಹಾಗೆ ಬೆಳಕಿಗೆ ಸುಡುವುದಿಲ್ಲ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ 44 ಜನ 12 ವಾರ ಹಚ್ಚಿ ನೋಡಿದ್ದರು, ಕೆಲವರು ಇದನ್ನು, ಕೆಲವರು ಸುಕ್ಕಿಗೆ ಹಚ್ಚುವ ರೆಟಿನಾಲ್ ಅನ್ನು. ಸುಕ್ಕು, ಕಪ್ಪು ಕಲೆ ಎರಡರಲ್ಲೂ ಒಂದೇ ಥರ ಕಡಿಮೆಯಾಯಿತು. ರೆಟಿನಾಲ್‌ನವರಿಗೆ ಉರಿ, ಸಿಪ್ಪೆ ಏಳುವುದು ಜಾಸ್ತಿ. ಆದರೆ 44 ಜನ ಅಂದರೆ ಒಂದು ಬಸ್ಸಿನಷ್ಟು ಜನ. ಅದರ ಮೇಲೆ ಇಷ್ಟು ದೊಡ್ಡ ಜಾಹೀರಾತು ಕಟ್ಟಿದ್ದಾರೆ. ತೊನ್ನಿಗಂತೂ ಆ ಸೀರಮ್‌ನಿಂದ ಪ್ರಯೋಜನ ಇಲ್ಲ. ಬಾವಂಚಿ ಎಣ್ಣೆಯನ್ನೇ ಬಾಕುಚಿಯೋಲ್ ಅಂತ ತಿಳಿದು ಮುಖಕ್ಕೆ ಹಚ್ಚುವವರೂ ಇದ್ದಾರೆ, ಅದು ಮಾತ್ರ ಬೇಡ.

ಕೊಟ್ಟೆಕಡುಬು
ಮಗಳಿಗೆ ತೋರಿಸಿದೆ. "ಗೊತ್ತು ಅಮ್ಮ" ಅಂದಳು. ಅವಳಿಗೆ ಎಲ್ಲವೂ ಗೊತ್ತು.

ನೀರುದೋಸೆ · ಮುಂದಿನ ಶನಿವಾರ ಸಂಜೆ 6:15

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಬೆಳಿಗ್ಗೆಯೇ ಹೋದೆವು. ಡಾಕ್ಟರ್ ಗುಳ್ಳೆ ಒಡೆಯಲಿಲ್ಲ, ಮುಲಾಮು ಹಚ್ಚಿ ಸಡಿಲವಾಗಿ ಬಟ್ಟೆ ಕಟ್ಟಿದರು. ಎರಡು ವಾರ ಯಾವ ಎಣ್ಣೆಯೂ ಬೇಡ, ಕೈ ಬಿಸಿಲಿಗೆ ಬೇಡ ಅಂದರು. ಮತ್ತೆ ಕೋಣೆಯ ಲೈಟ್ ಆರಿಸಿ ಒಂದು ನೀಲಿ ದೀಪ ಹಿಡಿದು ನೋಡಿದರು. ಮೊಣಕೈ ಹತ್ತಿರದ ಎರಡೂ ತೊನ್ನೇ. ಕುತ್ತಿಗೆಯದ್ದು ಬರೀ ಚಿಬ್ಬು! ಸರ್ವಿಸ್ ಬಸ್ ಅಣ್ಣನಿಗೆ ಒಂದು ಗೋಳಿಬಜೆ ಪಾರ್ಟಿ ಬಾಕಿ.

ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟಿದ್ದಾಳೆ, ತೊನ್ನು ಇರುವವರಲ್ಲಿ ಅದರ ತೊಂದರೆ ಹೆಚ್ಚು ಕಾಣುತ್ತದಂತೆ. ಗಾಯ ಮಾಗಿದ ಮೇಲೆ ಯುವಿಬಿ ಶುರು, ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಬರಬೇಕು ಅಂತ ಮೊದಲೇ ಹೇಳಿದ್ದಾರೆ.

ಮತ್ತೊಂದು. ನಾವೆಲ್ಲ ಹುಡುಗನ ಮನೆಯವರಿಗೆ ಹೇಗೆ ಹೇಳುವುದು ಅಂತ ಮಂಡೆ ಬಿಸಿ ಮಾಡಿಕೊಂಡಿದ್ದರೆ, ಅವಳೇ ಹುಡುಗನಿಗೆ ಕೈಯ ಫೋಟೋ ಕಳಿಸಿ, ಗುಳ್ಳೆ ಸಮೇತ, ಎಲ್ಲ ಹೇಳಿಬಿಟ್ಟಿದ್ದಾಳೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ. ನೀಲಿ ಟಿಕ್ ಬಿದ್ದು ಎರಡು ದಿನ ಆಯಿತು.

ಚುಕ್ಕಿ
ಅವಳಿಗೆ ನನ್ನ ನಂಬರ್ ಬೇಕಿದ್ದರೆ ಮೆಸೇಜ್ ಮಾಡಿ ಅಕ್ಕ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ಸರ್ವಿಸ್ ಬಸ್
ಸೋಮವಾರದಿಂದ ಬಲಗಡೆ ಸೀಟು. ಕಂಡಕ್ಟರಿಗೆ ನಾನೇ ಹೇಳುತ್ತೇನೆ.

ನೀರುದೋಸೆ
ಆ ಬಾಟಲಿ ಇನ್ನೂ ಮುಕ್ಕಾಲು ಉಂಟು. ಬಿಸಾಡಲು ಅತ್ತೆಗೆ ಮನಸ್ಸಿಲ್ಲ. ಎಂತ ಮಾಡುವುದು?

ಗೋಳಿಬಜೆ
ಗೇಟಿನ ತಿರುಗಣಿಗೆ ಬಿಡಲು ಹೇಳಿ. ರಾತ್ರಿ ಹೊತ್ತು.